ಫ್ಲೂ ಜ್ವರ ಹೇಗೆ ಹರಡುತ್ತದೆ, ಏಕೆ ಮರಳಿ ಬರುತ್ತದೆ: ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಿನಲ್ಲಿ ಮುಂಗಾರು ಹಿಡಿದುಕೊಂಡು ಒಂದೆರಡು ತಿಂಗಳು ಕಳೆಯುವಷ್ಟರಲ್ಲಿ ಮನೆಗೊಬ್ಬರಂತೆ ಕೆಮ್ಮುತ್ತಿರುತ್ತಾರೆ. ಬಡಾವಣೆಯ ಸಭೆಗಳಲ್ಲಿ, ಶಾಲೆಗಳ ಪೋಷಕರ ಕೂಟಗಳಲ್ಲಿ, ಕಾಗದಗಳಲ್ಲಿ ವರ್ಷ ವರ್ಷವೂ ನನ್ನ ಮುಂದೆ ಬರುವ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಇಟ್ಟು ಉತ್ತರಿಸಿದ್ದೇನೆ. ಇವು ತಿಳಿವಳಿಕೆಗಾಗಿ ಬರೆದ ಉತ್ತರಗಳು. ಮಲಗಿರುವ ರೋಗಿಯನ್ನು ನೋಡಿ ನಿರ್ಧರಿಸಬೇಕಾದವರು ವೈದ್ಯರು.

## ಮೊದಲಿಗೆ ತಿಳಿಯಬೇಕಾದದ್ದು

ನೆಗಡಿ, ವೈರಲ್ ಫೀವರ್, ಫ್ಲೂ, ಎಲ್ಲ ಒಂದೇ ಅಲ್ಲವೇ?

ಒಂದೇ ಅಲ್ಲ. ನೆಗಡಿಯನ್ನು ತರುವ ವೈರಸ್‌ಗಳು ನೂರಕ್ಕೂ ಹೆಚ್ಚಿವೆ, ಅವುಗಳಲ್ಲಿ ರೈನೋವೈರಸ್‌ಗಳದ್ದೇ ದೊಡ್ಡ ಪಾಲು. "ವೈರಲ್ ಫೀವರ್" ಎನ್ನುವುದು ಒಂದು ರೋಗದ ಹೆಸರಲ್ಲ. ಯಾವ ವೈರಸ್ ಎಂದು ಪರೀಕ್ಷಿಸದೆ ಇರುವಾಗ ನಾವು ಬಳಸುವ ಒಟ್ಟು ಮಾತು. ಫ್ಲೂ ಅಥವಾ ಇನ್‌ಫ್ಲುಯೆಂಜಾ ಎಂದರೆ ಅದೇ ಹೆಸರಿನ ವೈರಸ್‌ನಿಂದ ಬರುವ ನಿರ್ದಿಷ್ಟ ಕಾಯಿಲೆ. ನೆಗಡಿ ಮೆಲ್ಲಗೆ ಶುರುವಾಗುತ್ತದೆ: ಮೊದಲು ಗಂಟಲು ಕೆರೆತ, ಮರುದಿನ ಮೂಗು ಸೋರುವುದು. ಫ್ಲೂ ಬಂದವರಿಗೆ ಅದು ಶುರುವಾದ ಗಳಿಗೆ ನೆನಪಿರುತ್ತದೆ. ಬೆಳಗ್ಗೆ ಚೆನ್ನಾಗಿಯೇ ಕೆಲಸಕ್ಕೆ ಹೋದವರು ಸಂಜೆಯ ಹೊತ್ತಿಗೆ ಚಳಿ, ಜ್ವರ, ತಲೆನೋವು ಮತ್ತು ಮೈಕೈ ನೋವಿನಿಂದ ಹಾಸಿಗೆ ಹಿಡಿಯುತ್ತಾರೆ, ಒಣಕೆಮ್ಮು ಜೊತೆಗೂಡುತ್ತದೆ, ಜ್ವರ ಬಿಟ್ಟ ಮೇಲೂ ಒಂದೆರಡು ವಾರ ಸುಸ್ತು ಉಳಿಯುತ್ತದೆ. ಆದರೂ ಲಕ್ಷಣ ನೋಡಿ ಖಚಿತವಾಗಿ ಹೇಳಲಾಗದು. ಫ್ಲೂ ಸೋಂಕು ತಗಲಿದವರಲ್ಲಿ ಎಷ್ಟೋ ಜನರಿಗೆ ಸಾಧಾರಣ ನೆಗಡಿಯಷ್ಟೇ ಕಾಣಿಸುತ್ತದೆ, ಕೆಲವರಿಗೆ ಏನೂ ಕಾಣಿಸುವುದಿಲ್ಲ. ಅವರೂ ಇತರರಿಗೆ ಹರಡಬಲ್ಲರು.

ಮಳೆಯಲ್ಲಿ ನೆನೆದರೆ, ಐಸ್‌ಕ್ರೀಂ ತಿಂದರೆ ಫ್ಲೂ ಬರುತ್ತದೆಯೇ?

ವೈರಸ್ ಮೈಯೊಳಗೆ ಹೊಕ್ಕದೆ ಫ್ಲೂ ಬರುವುದಿಲ್ಲ. ಒಬ್ಬರೇ ಲಾಲ್‌ಬಾಗಿನಲ್ಲಿ ಗಂಟೆಗಟ್ಟಲೆ ನೆನೆದರೂ, ಸೋಂಕಿತರ ಉಸಿರು ಸೋಕದಿದ್ದರೆ ಫ್ಲೂ ಬರಲು ದಾರಿಯಿಲ್ಲ. ಆದರೆ ಮಳೆಗೂ ಜ್ವರಕ್ಕೂ ನಂಟಿದೆ ಎಂಬ ಹಿರಿಯರ ಗ್ರಹಿಕೆ ಹುಸಿಯಲ್ಲ. ಆ ನಂಟು ಎಲ್ಲಿದೆ ಎನ್ನುವುದನ್ನು ಕೆಳಗೆ ಮಳೆಗಾಲದ ಪ್ರಶ್ನೆಯಲ್ಲಿ ವಿವರಿಸಿದ್ದೇನೆ.

ಇದು ಡೆಂಗಿಯೋ ಫ್ಲೂನೋ ಎಂದು ಮನೆಯಲ್ಲೇ ತಿಳಿಯುವುದು ಹೇಗೆ?

ನಮ್ಮ ಊರಿನ ಮಟ್ಟಿಗೆ ಇದು ಬಹಳ ಮುಖ್ಯವಾದ ಪ್ರಶ್ನೆ, ಏಕೆಂದರೆ ಎರಡೂ ಮಳೆಗಾಲದಲ್ಲೇ ಏರುತ್ತವೆ, ಎರಡರಲ್ಲೂ ಮೊದಲ ದಿನ ಕಾಣುವುದು ತೀವ್ರ ಜ್ವರ ಮತ್ತು ಮೈಕೈ ನೋವು. ಕೆಮ್ಮು, ಗಂಟಲು ನೋವು, ಮೂಗು ಸೋರುವುದು ಎದ್ದು ಕಂಡರೆ ಫ್ಲೂ ಕಡೆಗೆ ವಾಲಬಹುದು. ಕೆಮ್ಮು ಅಷ್ಟಾಗಿ ಇಲ್ಲದೆ ಕಣ್ಣುಗುಡ್ಡೆಯ ಹಿಂದೆ ನೋವು, ವಾಂತಿ, ಮೈಮೇಲೆ ಕೆಂಪು ದದ್ದು ಕಂಡರೆ ಡೆಂಗಿಯನ್ನು ಮೊದಲು ಅನುಮಾನಿಸಬೇಕು. ಖಚಿತವಾಗಬೇಕಾದರೆ ರಕ್ತ ಪರೀಕ್ಷೆಯೇ ಬೇಕು. ಜ್ವರದ ಮೊದಲ ಐದು ದಿನಗಳೊಳಗೆ, ರಕ್ತದಲ್ಲಿ ಡೆಂಗಿ ವೈರಸ್‌ನ ಪ್ರೋಟೀನನ್ನು ಹುಡುಕುವ ಎನ್‌ಎಸ್1 ಪರೀಕ್ಷೆ ನೆರವಾಗುತ್ತದೆ. ಅಲ್ಲಿಯವರೆಗೆ ಜ್ವರಕ್ಕೆ ಪ್ಯಾರಾಸಿಟಮಾಲ್ ಒಂದನ್ನೇ ಹೇಳಿದ ಪ್ರಮಾಣದಲ್ಲಿ ತೆಗೆದುಕೊಳ್ಳಿ. ಮೈಕೈ ನೋವು ತಡೆಯಲಾಗದೆ ಔಷಧಿ ಅಂಗಡಿಯಿಂದ ತಂದ ಐಬುಪ್ರೊಫೇನ್ ಅಥವಾ ಆಸ್ಪಿರಿನ್, ಅದು ಡೆಂಗಿಯಾಗಿದ್ದರೆ, ರಕ್ತಸ್ರಾವದ ಅಪಾಯವನ್ನು ಹೆಚ್ಚಿಸುತ್ತದೆ. ಫ್ಲೂ ಆಗಿದ್ದರೂ ಮಕ್ಕಳಿಗೆ ಆಸ್ಪಿರಿನ್ ಕೊಡಲೇಬಾರದು: ಯಕೃತ್ತು ಮತ್ತು ಮಿದುಳನ್ನು ಹಾಳುಮಾಡುವ, ಅಪರೂಪದ ಆದರೆ ಪ್ರಾಣಾಂತಿಕವಾದ ರೈ ಸಿಂಡ್ರೋಮ್‌ಗೆ ಅದು ದಾರಿ ಮಾಡುತ್ತದೆ.

ಹಂದಿಜ್ವರ ಎನ್ನುತ್ತಾರೆ, ಹಾಗಾದರೆ ಪಂದಿಕರಿ ತಿನ್ನಬಾರದೇ?

ಬೇಯಿಸಿದ ಮಾಂಸದಿಂದ ಈ ರೋಗ ಬರುವುದಿಲ್ಲ. 2009ರಲ್ಲಿ ಹೊರಬಿದ್ದ ಎಚ್1ಎನ್1 ವೈರಸ್ ಹಂದಿಗಳಲ್ಲಿ ರೂಪುಗೊಂಡು ಮನುಷ್ಯರಿಗೆ ದಾಟಿದ್ದರಿಂದ ಆ ಹೆಸರು ಅಂಟಿಕೊಂಡಿತು. ಅಂದಿನಿಂದ ಅದು ಮನುಷ್ಯರಿಂದ ಮನುಷ್ಯರಿಗೆ ಹರಡುತ್ತ ಬಂದಿರುವ ಸಾಮಾನ್ಯ ಋತುಮಾನದ ಫ್ಲೂಗಳಲ್ಲಿ ಒಂದು.

## ಹರಡುವ ಬಗೆ

ಕೆಮ್ಮುವವರಿಂದ ಎಷ್ಟು ಅಡಿ ದೂರ ನಿಂತರೆ ಸಾಕು?

ದೂರ ಎಷ್ಟು ಮುಖ್ಯವೋ ಗಾಳಿಯ ಓಡಾಟವೂ ಅಷ್ಟೇ ಮುಖ್ಯ. ಕೆಮ್ಮಿದಾಗ, ಸೀನಿದಾಗ ಹೊಮ್ಮುವ ದೊಡ್ಡ ಹನಿಗಳು ಮೂರು ನಾಲ್ಕು ಅಡಿಯಿಂದ ಆರು ಅಡಿಯೊಳಗೆ ನೆಲಕ್ಕೆ ಬೀಳುತ್ತವೆ. ಆದರೆ ಬರಿಯ ಮಾತಿನಲ್ಲಿ, ಉಸಿರಿನಲ್ಲಿ ಹೊರಬರುವ ಅತಿ ಸಣ್ಣ ಕಣಗಳು ಊದುಬತ್ತಿಯ ಹೊಗೆಯಂತೆ ಮುಚ್ಚಿದ ಕೋಣೆಯಲ್ಲಿ ತೇಲುತ್ತಿರುತ್ತವೆ. 1977ರಲ್ಲಿ ಅಲಾಸ್ಕಾದಲ್ಲಿ 54 ಜನರಿದ್ದ ವಿಮಾನವೊಂದು ಎಂಜಿನ್ ಕೆಟ್ಟು ಸುಮಾರು ಮೂರು ಗಂಟೆ ನೆಲದಲ್ಲೇ ನಿಂತಿತು, ಆ ಹೊತ್ತಿನಲ್ಲಿ ಗಾಳಿ ಆಡಿಸುವ ವ್ಯವಸ್ಥೆಯೂ ನಿಂತಿತ್ತು. ಒಳಗಿದ್ದ ಒಬ್ಬ ಪ್ರಯಾಣಿಕರಿಗೆ ಫ್ಲೂ ಇತ್ತು. ಮೂರು ದಿನಗಳೊಳಗೆ ಉಳಿದವರಲ್ಲಿ ನೂರಕ್ಕೆ 72 ಮಂದಿ ಕಾಯಿಲೆ ಬಿದ್ದರು.

ಹೊರವರ್ತುಲ ರಸ್ತೆಯ ವಾಹನ ದಟ್ಟಣೆಯಲ್ಲಿ ಕಿಟಕಿ ಮುಚ್ಚಿಕೊಂಡು ಒಂದೂವರೆ ಗಂಟೆ ನಿಲ್ಲುವ ಕಂಪನಿ ಕ್ಯಾಬ್, ಮಳೆ ಬಂತೆಂದು ಗಾಜೆಲ್ಲ ಎಳೆದ ಶಾಲಾ ವ್ಯಾನ್, ಒಂದೂ ಕಿಟಕಿ ತೆರೆಯದ ಎ.ಸಿ. ಕಚೇರಿ, ಇವೆಲ್ಲ ಆ ವಿಮಾನದ ಹತ್ತಿರದ ಸಂಬಂಧಿಗಳೇ. ಎರಡು ಎದುರುಬದುರು ಕಿಟಕಿಗಳನ್ನು ನಾಲ್ಕು ಬೆರಳಷ್ಟು ತೆರೆದರೂ ತೇಲುವ ವೈರಸ್‌ನ ಸಾಂದ್ರತೆ ಇಳಿಯುತ್ತದೆ. ಇಷ್ಟು ಸುಲಭದ ಕೆಲಸವನ್ನು ನಾವು ಮಾಡದೆ ಬಿಡುತ್ತೇವೆ ಎನ್ನುವುದು ನನಗೆ ಪ್ರತಿ ಮಳೆಗಾಲದಲ್ಲೂ ಬೇಸರ ತರುವ ಸಂಗತಿ. ಕೆಮ್ಮುವವರೇ ಮಾಸ್ಕ್ ಧರಿಸಿದರೆ ಎಲ್ಲರಿಗೂ ಹೆಚ್ಚು ಉಪಯೋಗ, ಏಕೆಂದರೆ ಹನಿ ಹೊರಡುವ ಜಾಗದಲ್ಲೇ ಅದು ತಡೆಯುತ್ತದೆ.

ಮೆಟ್ರೋ ಕಂಬಿ, ಲಿಫ್ಟ್ ಬಟನ್, ನೋಟು ಮುಟ್ಟಿದರೆ ಅಂಟುತ್ತದೆಯೇ?

ಅಂಟಬಹುದು, ಆದರೆ ಉಸಿರಿನ ದಾರಿಗೆ ಹೋಲಿಸಿದರೆ ಇದು ಚಿಕ್ಕ ದಾರಿ. ಸ್ಟೀಲು, ಪ್ಲಾಸ್ಟಿಕ್‌ನಂತಹ ನುಣುಪಾದ ಮೇಲ್ಮೈಗಳಲ್ಲಿ ಫ್ಲೂ ವೈರಸ್ 24ರಿಂದ 48 ಗಂಟೆ, ಬಟ್ಟೆ ಮತ್ತು ಕಾಗದದ ಮೇಲೆ 8ರಿಂದ 12 ಗಂಟೆಯವರೆಗೆ ಬದುಕುಳಿದದ್ದು ಪ್ರಯೋಗಗಳಲ್ಲಿ ಕಂಡಿದೆ. ಕೈಗೆ ಅಂಟಿದ ಮೇಲೆ ಮಾತ್ರ ಅದರ ಆಯುಸ್ಸು ಸುಮಾರು ಐದೇ ನಿಮಿಷ. ಆ ಐದು ನಿಮಿಷದಲ್ಲಿ ಕೈ ಮೂಗಿಗೋ ಕಣ್ಣಿಗೋ ಹೋಗದಿದ್ದರೆ ಸಾಕು. ಈ ವೈರಸ್‌ಗೆ ಕೊಬ್ಬಿನ ಹೊದಿಕೆ ಇರುವುದರಿಂದ ಸಾದಾ ಸೋಪೇ ಅದನ್ನು ಒಡೆಯುತ್ತದೆ.

ಮಗುವಿಗೆ ಜ್ವರ ಬಿಟ್ಟಿದೆ, ಟೆಸ್ಟ್ ಇದೆ. ನಾಳೆ ಶಾಲೆಗೆ ಕಳಿಸಬಹುದೇ?

ಪ್ಯಾರಾಸಿಟಮಾಲ್ ಕೊಡದೆಯೂ ಪೂರ್ತಿ 24 ಗಂಟೆ ಜ್ವರ ಇಲ್ಲದಿದ್ದರೆ, ಮಗು ಲವಲವಿಕೆಯಿಂದ ಇದ್ದರೆ, ಕಳಿಸಬಹುದು. ವೈರಸ್ ಹೊಕ್ಕ ಮೇಲೆ ಒಂದರಿಂದ ನಾಲ್ಕು ದಿನಗಳಲ್ಲಿ, ಸಾಮಾನ್ಯವಾಗಿ ಎರಡನೆಯ ದಿನ, ಲಕ್ಷಣ ತೋರುತ್ತದೆ. ಸೋಂಕು ಹರಡುವುದು ಲಕ್ಷಣ ತೋರುವುದಕ್ಕೆ ಒಂದು ದಿನ ಮೊದಲೇ ಆರಂಭವಾಗಿ ಐದರಿಂದ ಏಳು ದಿನಗಳವರೆಗೆ ನಡೆಯುತ್ತದೆ. ಮೊದಲ ಮೂರು ದಿನ ಅತಿ ಹೆಚ್ಚು, ಸಣ್ಣ ಮಕ್ಕಳಲ್ಲಿ ಇನ್ನೂ ದೀರ್ಘ. ಬೆಳಗ್ಗೆ ಸಿರಪ್ ಕುಡಿಸಿ ಜ್ವರ ಇಳಿಸಿ ವ್ಯಾನ್ ಹತ್ತಿಸಿದರೆ ಮಧ್ಯಾಹ್ನದೊಳಗೆ ಜ್ವರ ಮರಳುತ್ತದೆ, ಅಷ್ಟರಲ್ಲಿ ಪಕ್ಕದ ಬೆಂಚಿನ ಮಗುವಿಗೂ ಸೋಂಕು ದಾಟಿರುತ್ತದೆ. ಆ ಮಗುವಿನ ಮನೆಯಲ್ಲಿ ಎಪ್ಪತ್ತು ದಾಟಿದ ಅಜ್ಜಿ ಇರಬಹುದು. ಹಾಜರಾತಿಗೆ ಬಹುಮಾನ ಕೊಡುವ ಪದ್ಧತಿಯನ್ನು ಶಾಲೆಗಳು ಕೈಬಿಡಬೇಕೆಂದು ನಾನು ಸಭೆಗಳಲ್ಲಿ ಹೇಳುತ್ತ ಬಂದಿದ್ದೇನೆ, ಇಲ್ಲಿಯೂ ಅದನ್ನೇ ಹೇಳುತ್ತೇನೆ.

ಅಮೆರಿಕದಲ್ಲಿ ಚಳಿಗಾಲದ ಕಾಯಿಲೆ ಎನ್ನುತ್ತಾರೆ, ನಮ್ಮಲ್ಲಿ ಮಳೆಗಾಲದಲ್ಲಿ ಏಕೆ ಬರುತ್ತದೆ?

ಶೀತ ದೇಶಗಳ ಕಥೆ ಬಹುಮಟ್ಟಿಗೆ ಬಿಡಿಸಿದ ಕಥೆ. 2007ರಲ್ಲಿ ಪ್ರಕಟವಾದ ಗಿನಿಪಿಗ್‌ಗಳ ಪ್ರಯೋಗಗಳು ತಂಪಾದ ಒಣ ಗಾಳಿಯಲ್ಲಿ ಫ್ಲೂ ಚೆನ್ನಾಗಿ ದಾಟುತ್ತದೆ ಎಂದು ತೋರಿಸಿದವು. ಒಣ ಗಾಳಿಯಲ್ಲಿ ಹನಿಗಳು ಬೇಗ ಆರಿ ಹಗುರಾಗಿ ಹೆಚ್ಚು ಹೊತ್ತು ತೇಲುತ್ತವೆ, ಮೂಗಿನೊಳಗಿನ ಲೋಳೆಯ ರಕ್ಷಣೆಯೂ ಕುಂದುತ್ತದೆ. ಆದರೆ ಮುಂಗಾರಿನ ಗಾಳಿ ಒಣಗಿರುವುದಿಲ್ಲ. ಭಾರತದಲ್ಲಿ ಶ್ರೀನಗರದಂತಹ ಉತ್ತರದ ತುದಿಯ ಊರುಗಳಲ್ಲಿ ಫ್ಲೂ ಚಳಿಗಾಲದಲ್ಲಿ ಏರಿದರೆ, ಉಳಿದ ಬಹುಪಾಲು ನಗರಗಳಲ್ಲಿ ಅದು ಮಳೆಗಾಲದಲ್ಲಿ ಮತ್ತು ಅದರ ಬೆನ್ನಿಗೆ ಏರುತ್ತದೆ, ಜನವರಿಯಿಂದ ಮಾರ್ಚ್‌ವರೆಗೆ ಇನ್ನೊಂದು ಏರಿಕೆಯೂ ಕಾಣುತ್ತದೆ. ಮಳೆ ಬಂದಾಗ ಜನ ಒಳಗೆ ಸೇರುತ್ತಾರೆ, ಕಿಟಕಿ ಮುಚ್ಚುತ್ತಾರೆ, ಬಸ್ಸುಗಳಲ್ಲಿ ಒತ್ತಾಗಿ ನಿಲ್ಲುತ್ತಾರೆ, ಜೂನ್‌ನಲ್ಲಿ ಶಾಲೆಗಳೂ ತೆರೆದಿರುತ್ತವೆ. ವೈರಸ್ ನಾಶಪಡಿಸುವ ಬಿಸಿಲು ಕಡಿಮೆಯಾಗುತ್ತದೆ. ಮಳೆಯಲ್ಲಿ ನೆನೆದದ್ದಕ್ಕಿಂತ, ಮಳೆಗೆ ಹೆದರಿ ಒಳಗೆ ಒಟ್ಟಿಗೆ ಕೂತದ್ದೇ ದೊಡ್ಡ ಕಾರಣ ಎಂದು ನನ್ನ ಎಣಿಕೆ.

## ಮೈಯೊಳಗೆ ಆಗುವುದು

ವೈರಸ್ ಇರುವುದು ಮೂಗು ಗಂಟಲಲ್ಲಿ. ಹಾಗಿದ್ದರೆ ಸೊಂಟ, ಕಾಲು ಏಕೆ ನೋಯುತ್ತವೆ?

ನೋವು ಬಹುಪಾಲು ನಮ್ಮದೇ ರಕ್ಷಣಾ ಪಡೆಯ ಕೆಲಸ. ಉಸಿರಿನ ದಾರಿಯ ಒಳಗೋಡೆಯ ಜೀವಕೋಶಗಳ ಮೇಲೆ ಸಯಾಲಿಕ್ ಆಮ್ಲ ಎಂಬ ಸಕ್ಕರೆಯಂತಹ ಅಣುಗಳಿರುತ್ತವೆ. ವೈರಸ್ ತನ್ನ ಮೇಲ್ಮೈಯ ಹಿಮಾಗ್ಲುಟಿನಿನ್ ಎಂಬ ಪ್ರೋಟೀನನ್ನು ಅದಕ್ಕೆ ಕೊಕ್ಕೆಯಂತೆ ಸಿಕ್ಕಿಸಿ ಒಳನುಗ್ಗುತ್ತದೆ, ಜೀವಕೋಶದ ಯಂತ್ರಾಂಗವನ್ನೇ ಬಳಸಿಕೊಂಡು ಸಾವಿರಾರು ಪ್ರತಿಗಳನ್ನು ಮಾಡಿಸಿಕೊಳ್ಳುತ್ತದೆ, ಬಳಿಕ ನ್ಯೂರಾಮಿನಿಡೇಸ್ ಎಂಬ ಇನ್ನೊಂದು ಪ್ರೋಟೀನಿನಿಂದ ಆ ಸಕ್ಕರೆಯ ಕೊಂಡಿಯನ್ನು ಕತ್ತರಿಸಿಕೊಂಡು ಹೊರಬೀಳುತ್ತದೆ. ದಾಳಿಗೊಳಗಾದ ಜೀವಕೋಶ ಇಂಟರ್‌ಫೆರಾನ್ ಮತ್ತು ಸೈಟೊಕೈನ್‌ಗಳೆಂಬ ಸಂದೇಶವಾಹಕಗಳನ್ನು ಬಿಡುಗಡೆ ಮಾಡುತ್ತದೆ. ಅವು ರಕ್ತದ ಜೊತೆ ಮೈಯೆಲ್ಲ ಹರಿದು ಮಿದುಳಿನಲ್ಲಿ ಜ್ವರವನ್ನು ಏರಿಸುತ್ತವೆ, ಸ್ನಾಯುಗಳಲ್ಲಿ ನೋವು ಹುಟ್ಟಿಸುತ್ತವೆ, ಹಸಿವು ಕಟ್ಟುತ್ತವೆ, ನಿದ್ದೆ ಬರಿಸುತ್ತವೆ. ವೈರಸ್ ಸಾಮಾನ್ಯವಾಗಿ ಉಸಿರಿನ ದಾರಿಯನ್ನು ಬಿಟ್ಟು ಹೋಗಿರುವುದೇ ಇಲ್ಲ.

ಜ್ವರ ಬಿಟ್ಟಿತ್ತು, ಎರಡು ದಿನ ಆರಾಮಾಗಿದ್ದರು, ಈಗ ಮತ್ತೆ ಜ್ವರ ಬಂದಿದೆ. ಕಾಯಬಹುದೇ?

ಕಾಯಬೇಡಿ. ಉಸಿರಿನ ನಾಳದ ಒಳಗೋಡೆಯಲ್ಲಿ ಸೂಕ್ಷ್ಮ ರೋಮಗಳು ಸದಾ ಮೇಲ್ಮುಖವಾಗಿ ಬೀಸುತ್ತ ದೂಳು, ಕಫ, ಬ್ಯಾಕ್ಟೀರಿಯಾಗಳನ್ನು ಗಂಟಲಿನತ್ತ ಗುಡಿಸುತ್ತಿರುತ್ತವೆ. ಫ್ಲೂ ಈ ಪೊರಕೆಯನ್ನೇ ಹಾಳುಮಾಡುತ್ತದೆ. ಆಗ ನಮ್ಮ ಮೂಗು ಗಂಟಲಿನಲ್ಲಿ ಸುಮ್ಮನಿದ್ದ ನ್ಯುಮೋಕಾಕಸ್, ಸ್ಟಫಿಲೊಕಾಕಸ್‌ನಂತಹ ಬ್ಯಾಕ್ಟೀರಿಯಾಗಳು ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ತರುತ್ತವೆ. ಮರಳಿ ಏರಿದ ಜ್ವರ, ಹಳದಿ ಅಥವಾ ರಕ್ತದ ಗೆರೆಯ ಕಫ, ಉಸಿರೆಳೆದಾಗ ಎದೆಯಲ್ಲಿ ಚುಚ್ಚುವ ನೋವು, ಇವು ಅದರ ಗುರುತು. 1918ರ ಫ್ಲೂ ಮಹಾಮಾರಿಯಲ್ಲಿ ಸತ್ತವರ ಕಾಯ್ದಿಟ್ಟ ಶ್ವಾಸಕೋಶದ ತುಣುಕುಗಳನ್ನು ದಶಕಗಳ ನಂತರ ಪರೀಕ್ಷಿಸಿದಾಗ ಬಹುಪಾಲು ಸಾವುಗಳಿಗೆ ಈ ಎರಡನೆಯ ದಾಳಿಯೇ ಕಾರಣವೆಂದು ತಿಳಿಯಿತು.

ಎಲ್ಲರಿಗೂ ಬರುವ ಜ್ವರಕ್ಕೆ ಆಸ್ಪತ್ರೆಗೆ ಯಾವಾಗ ಹೋಗಬೇಕು?

ಬಹುಪಾಲು ಜನ ಮನೆಯಲ್ಲೇ ಒಂದು ವಾರದಲ್ಲಿ ಚೇತರಿಸಿಕೊಳ್ಳುತ್ತಾರೆ. ಆದರೆ ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ವರ್ಷಕ್ಕೆ 30ರಿಂದ 50 ಲಕ್ಷ ಜನರಿಗೆ ಫ್ಲೂ ತೀವ್ರವಾಗುತ್ತದೆ, 2.9 ಲಕ್ಷದಿಂದ 6.5 ಲಕ್ಷ ಜನ ಅದರ ಉಸಿರಾಟದ ತೊಡಕುಗಳಿಂದ ಸಾಯುತ್ತಾರೆ. ಅರವತ್ತೈದು ದಾಟಿದವರು, ಐದು ವರ್ಷದೊಳಗಿನ ಮಕ್ಕಳು, ಅದರಲ್ಲೂ ಎರಡು ವರ್ಷದೊಳಗಿನವರು, ಗರ್ಭಿಣಿಯರು, ಆಸ್ತಮಾ, ಸಕ್ಕರೆ ಕಾಯಿಲೆ, ಹೃದಯ ಮತ್ತು ಮೂತ್ರಪಿಂಡದ ಕಾಯಿಲೆ ಇರುವವರು ಜ್ವರ ಬಂದ ಮೊದಲ ದಿನವೇ ವೈದ್ಯರಿಗೆ ತಿಳಿಸುವುದು ಒಳ್ಳೆಯದು. ಫ್ಲೂ ಖಚಿತವಾದ ಮೊದಲ ಏಳು ದಿನಗಳಲ್ಲಿ ಹೃದಯಾಘಾತದ ಅಪಾಯ ಸುಮಾರು ಆರು ಪಟ್ಟು ಏರುತ್ತದೆ ಎಂದು 2018ರಲ್ಲಿ ಪ್ರಕಟವಾದ ಕೆನಡಾದ ಅಧ್ಯಯನ ತೋರಿಸಿದೆ, ಆದ್ದರಿಂದ ಹೃದ್ರೋಗಿಗಳು ಇದನ್ನು ಬರಿಯ ಶೀತವೆಂದು ತಳ್ಳಿಹಾಕಬಾರದು.

ವಯಸ್ಸು ಎಷ್ಟೇ ಇರಲಿ, ಏದುಸಿರು, ಎದೆ ನೋವು, ತುಟಿ ಅಥವಾ ಉಗುರು ನೀಲಿಗಟ್ಟುವುದು, ಗೊಂದಲದ ಮಾತು, ಎಬ್ಬಿಸಿದರೂ ಏಳದ ಮಂಪರು ಕಂಡರೆ ಅದೇ ಗಳಿಗೆಯಲ್ಲಿ 108ಕ್ಕೆ ಕರೆ ಮಾಡಿ. ಮಕ್ಕಳಲ್ಲಿ ಉಸಿರೆಳೆದಾಗ ಪಕ್ಕೆಲುಬಿನ ನಡುವೆ ಚರ್ಮ ಒಳಸರಿಯುವುದು, ಹಾಲು ನೀರು ಮುಟ್ಟದಿರುವುದು, ಎಂಟು ಗಂಟೆಯಾದರೂ ಮೂತ್ರ ಹೋಗದಿರುವುದು ಇಂಥವೇ ಸೂಚನೆಗಳು.

ಆ್ಯಂಟಿಬಯೋಟಿಕ್ ಕೋರ್ಸ್ ಮುಗಿಸಿದ ಮೇಲೇ ನನಗೆ ವಾಸಿಯಾಯಿತು. ಅದು ಕೆಲಸ ಮಾಡಲಿಲ್ಲ ಎಂದು ಹೇಗೆ ಹೇಳುತ್ತೀರಿ?

ಐದು ದಿನದ ಕೋರ್ಸ್ ಮುಗಿಯುವ ಹೊತ್ತಿಗೆ ಫ್ಲೂ ತಾನಾಗಿಯೇ ಇಳಿಯುವ ಸಮಯವೂ ಬಂದಿರುತ್ತದೆ. ಆ್ಯಂಟಿಬಯೋಟಿಕ್‌ಗಳು ಬ್ಯಾಕ್ಟೀರಿಯಾದ ಗೋಡೆ ಅಥವಾ ಅದರ ಯಂತ್ರಾಂಗವನ್ನು ಕೆಡಿಸುತ್ತವೆ. ವೈರಸ್‌ಗೆ ಅವೆರಡೂ ಇಲ್ಲ. ಮೇಲೆ ಹೇಳಿದ ನ್ಯುಮೋನಿಯಾ ಬಂದಾಗ ಅವು ಜೀವ ಉಳಿಸುತ್ತವೆ, ಆದ್ದರಿಂದಲೇ ಬೇಡದ ಕಡೆ ನುಂಗಿ ಅವುಗಳ ಮೊನೆ ಮೊಂಡಾಗಿಸಬಾರದು. ಫ್ಲೂ ವೈರಸ್ ಮೇಲೆಯೇ ಕೆಲಸ ಮಾಡುವ ಔಷಧ ಬೇರೆ ಇದೆ. ಒಸೆಲ್ಟಾಮಿವಿರ್ ಎಂಬುದು ನ್ಯೂರಾಮಿನಿಡೇಸನ್ನು ತಡೆಯುವುದರಿಂದ ಹೊಸ ವೈರಸ್‌ಗಳು ಜೀವಕೋಶದಿಂದ ಬಿಡಿಸಿಕೊಳ್ಳಲಾರದೆ ಅಲ್ಲೇ ಸಿಕ್ಕಿಬೀಳುತ್ತವೆ. ಲಕ್ಷಣ ಕಂಡ 48 ಗಂಟೆಯೊಳಗೆ ಶುರುಮಾಡಿದರೆ ಹೆಚ್ಚು ಫಲ. ಆಸ್ಪತ್ರೆ ಸೇರುವಷ್ಟು ತೀವ್ರವಾದವರಿಗೆ ತಡವಾದರೂ ಕೊಡುತ್ತಾರೆ. ಅಪಾಯದ ಗುಂಪಿಗೆ ಸೇರದ, ಸಾಧಾರಣ ಜ್ವರದವರಿಗೆ ಅದರ ಅಗತ್ಯ ಸಾಮಾನ್ಯವಾಗಿ ಬೀಳುವುದಿಲ್ಲ.

ಕಷಾಯ, ಮೆಣಸಿನ ಸಾರು, ಹಬೆ?

ಬಿಸಿ ಸಾರು ಗಂಟಲಿಗೆ ಹಿತ, ಮೈಗೆ ನೀರು, ಬಾಯಿಗೆ ರುಚಿ, ಖಂಡಿತ ಕುಡಿಯಿರಿ. ಒಂದು ವರ್ಷ ದಾಟಿದ ಮಕ್ಕಳಿಗೆ ಒಂದು ಚಮಚ ಜೇನುತುಪ್ಪ ರಾತ್ರಿಯ ಕೆಮ್ಮನ್ನು ತಗ್ಗಿಸುತ್ತದೆ, ಅದಕ್ಕೂ ಚಿಕ್ಕವರಿಗೆ ಕೊಡಬಾರದು. ಇವು ವೈರಸ್ಸನ್ನು ಕೊಲ್ಲುವುದಿಲ್ಲ. ಹಬೆಯ ವಿಷಯದಲ್ಲಿ ಮಾತ್ರ ಒಂದು ಬೇಡಿಕೆ: ಕುದಿಯುವ ನೀರಿನ ಪಾತ್ರೆಯ ಮುಂದೆ ಮಕ್ಕಳನ್ನು ಕಂಬಳಿ ಹೊದಿಸಿ ಕೂರಿಸಬೇಡಿ. ಪಾತ್ರೆ ಉರುಳಿ ತೊಡೆ, ಹೊಟ್ಟೆ ಸುಟ್ಟುಕೊಳ್ಳುವ ಮಕ್ಕಳ ನೋವು ಫ್ಲೂ ಕೊಡುವ ನೋವಿಗಿಂತ ಬಹಳ ದೊಡ್ಡದು.

## ಬದಲಾಗುತ್ತಲೇ ಇರುವ ವೈರಸ್

ದಡಾರ ಒಮ್ಮೆ ಬಂದರೆ ಮತ್ತೆ ಬರುವುದಿಲ್ಲ. ಫ್ಲೂ ಏಕೆ ಮತ್ತೆ ಮತ್ತೆ ಬರುತ್ತದೆ?

ಈ ಒಂದು ಪ್ರಶ್ನೆಗೆ ಉತ್ತರ ತಿಳಿದರೆ ಫ್ಲೂ ಬಗೆಗಿನ ಅರ್ಧ ಗೊಂದಲ ಕರಗುತ್ತದೆ. ನಮ್ಮ ಜೀವಕೋಶ ತನ್ನ ಡಿಎನ್‌ಎಯನ್ನು ನಕಲು ಮಾಡುವಾಗ ಬರೆದದ್ದನ್ನು ಮತ್ತೊಮ್ಮೆ ಓದಿ ತಿದ್ದುತ್ತದೆ. ಫ್ಲೂ ವೈರಸ್‌ನ ವಂಶವಾಹಿ ಆರ್‌ಎನ್‌ಎ ರೂಪದಲ್ಲಿದೆ, ಅದನ್ನು ನಕಲು ಮಾಡುವ ಕಿಣ್ವಕ್ಕೆ ತಿದ್ದುವ ಶಕ್ತಿಯಿಲ್ಲ. ಹಾಗಾಗಿ ಹೊಸ ಪ್ರತಿಗಳಲ್ಲಿ ತಪ್ಪುಗಳು ಸೇರುತ್ತಲೇ ಹೋಗುತ್ತವೆ. ಬಹುಪಾಲು ತಪ್ಪುಗಳು ವೈರಸ್ಸನ್ನೇ ಹಾಳುಮಾಡುತ್ತವೆ. ಎಲ್ಲೋ ಒಂದು ತಪ್ಪು ಹಿಮಾಗ್ಲುಟಿನಿನ್‌ನ ತಲೆಯ ಆಕಾರವನ್ನು ತುಸು ಬದಲಿಸುತ್ತದೆ. ಕಳೆದ ವರ್ಷದ ಸೋಂಕಿನಿಂದ ನಮ್ಮಲ್ಲಿ ಉಳಿದಿರುವ ಪ್ರತಿಕಾಯಗಳು ಆ ಹೊಸ ಆಕಾರವನ್ನು ಸರಿಯಾಗಿ ಹಿಡಿಯಲಾರವು. ಹಳೆಯ ರೂಪದ ವೈರಸ್‌ಗಳು ರಕ್ಷಣೆಯಿರುವ ಜನರ ನಡುವೆ ಸೋತು ಹಿಂದೆ ಬೀಳುತ್ತವೆ, ಹೊಸ ರೂಪದ್ದು ಮುಂದೆ ಸಾಗುತ್ತದೆ. ದಡಾರದ ವೈರಸ್ಸೂ ನಕಲಿನಲ್ಲಿ ತಪ್ಪು ಮಾಡುತ್ತದೆ, ಆದರೆ ಅದರ ಮೇಲ್ಮೈ ಪ್ರೋಟೀನು ಆಕಾರ ಬದಲಿಸಿದರೆ ಕೆಲಸವನ್ನೇ ಮಾಡಲಾರದು. ಫ್ಲೂಗೆ ಆ ಕಟ್ಟು ಸಡಿಲ.

ಇದರ ಜೊತೆಗೆ ಇನ್ನೊಂದು ಸರಳ ಸಂಗತಿಯಿದೆ. ಎರಡು ತಿಂಗಳಲ್ಲಿ ಮೂರು ಸಲ ಜ್ವರ ಬಂದ ಮಗುವಿಗೆ ಮೂರೂ ಸಲ ಫ್ಲೂ ಬಂದಿರುವುದು ಅಪರೂಪ; ಬಹುತೇಕ ಮೂರು ಬೇರೆ ಬೇರೆ ವೈರಸ್‌ಗಳ ಸರದಿ ಅದು.

ಎಚ್1ಎನ್1, ಎಚ್3ಎನ್2 ಎಂಬ ಅಂಕಿಗಳು ಏನನ್ನು ಹೇಳುತ್ತವೆ?

ಮನುಷ್ಯರಲ್ಲಿ ಮುಖ್ಯವಾದವು ಎ ಮತ್ತು ಬಿ ಎಂಬ ಎರಡು ಬಗೆಗಳು. ಎ ಬಗೆಯನ್ನು ಅದರ ಹಿಮಾಗ್ಲುಟಿನಿನ್‌ಗೆ ಎಚ್, ನ್ಯೂರಾಮಿನಿಡೇಸ್‌ಗೆ ಎನ್ ಎಂದು ಹೆಸರಿಟ್ಟು ಎಣಿಸುತ್ತಾರೆ. ಅಂಕಿ ದೊಡ್ಡದಾದರೆ ರೋಗ ದೊಡ್ಡದು ಎಂದೇನಿಲ್ಲ. 2023ರ ಮಾರ್ಚಿನಲ್ಲಿ ಹಾಸನ ಜಿಲ್ಲೆಯಲ್ಲಿ ಎಚ್3ಎನ್2ನಿಂದ ಸಾವಾದ ಸುದ್ದಿ ಬಂದಾಗ ಅದು ಹೊಸ ವೈರಸ್ ಎಂದು ಬಹಳ ಜನ ಗಾಬರಿಯಾದರು. ಎಚ್3ಎನ್2 1968ರಿಂದಲೂ ನಮ್ಮ ನಡುವೆ ಇದೆ. ಹಿರಿಯರ ಮೇಲೆ ಅದರ ಪೆಟ್ಟು ಹೆಚ್ಚು ಎನ್ನುವುದು ಮಾತ್ರ ನಿಜ.

ಪ್ರತಿ ವರ್ಷ ಬರುವ ಫ್ಲೂ ಕೆಲವೊಮ್ಮೆ ಮಹಾಮಾರಿ ಆಗುವುದು ಹೇಗೆ?

ಎ ಬಗೆಯ ವೈರಸ್‌ನ ವಂಶವಾಹಿ ಒಂದೇ ದಾರವಾಗಿಲ್ಲ, ಎಂಟು ಬಿಡಿ ತುಂಡುಗಳಾಗಿದೆ. ಎರಡು ಬೇರೆ ಫ್ಲೂ ವೈರಸ್‌ಗಳು ಒಂದೇ ಜೀವಕೋಶಕ್ಕೆ ಹೊಕ್ಕರೆ, ಹೊಸ ವೈರಸ್ ಕಟ್ಟುವಾಗ ಈ ತುಂಡುಗಳು ಎರಡು ಇಸ್ಪೀಟು ಕಟ್ಟುಗಳನ್ನು ಕಲೆಸಿದಂತೆ ಬೆರೆಯುತ್ತವೆ. ಎ ಬಗೆಯ ಫ್ಲೂಗಳ ಮೂಲ ನೆಲೆ ಕಾಡು ಬಾತು ಮುಂತಾದ ನೀರುಹಕ್ಕಿಗಳ ಕರುಳು. ಹಕ್ಕಿಯ ವೈರಸ್ ಹಿಡಿಯುವ ಸಯಾಲಿಕ್ ಆಮ್ಲದ ಜೋಡಣೆ ಒಂದು ಬಗೆ, ಮನುಷ್ಯರ ಮೂಗು ಗಂಟಲಿನದು ಇನ್ನೊಂದು ಬಗೆ. ಹಂದಿಯ ಉಸಿರಿನ ದಾರಿಯಲ್ಲಿ ಎರಡೂ ಇರುವುದರಿಂದ ಅಲ್ಲಿ ಬೆರಕೆಗೆ ಅನುಕೂಲ. 1957ರ ಎಚ್2ಎನ್2 ಮೂರು ತುಂಡುಗಳನ್ನು, 1968ರ ಎಚ್3ಎನ್2 ಎರಡು ತುಂಡುಗಳನ್ನು ಹಕ್ಕಿಯ ವೈರಸ್‌ನಿಂದ ಪಡೆದಿದ್ದವು. 2009ರ ಎಚ್1ಎನ್1 ಉತ್ತರ ಅಮೆರಿಕದ ಮತ್ತು ಯೂರೇಷ್ಯದ ಹಂದಿ ವೈರಸ್‌ಗಳ ಬೆರಕೆ. ಹೀಗೆ ಯಾರ ಮೈಗೂ ಪರಿಚಯವಿಲ್ಲದ ಹಿಮಾಗ್ಲುಟಿನಿನ್ ಬಂದಾಗ ಅದನ್ನು ತಡೆಯುವ ಪ್ರತಿಕಾಯ ಹೆಚ್ಚಿನವರಲ್ಲಿ ಇರುವುದಿಲ್ಲ.

1918ರದ್ದು ಇವೆಲ್ಲವನ್ನೂ ಮೀರಿಸಿದ ದುರಂತ. ಭಾರತಕ್ಕೆ ಅದು ಆ ವರ್ಷದ ಜೂನ್‌ನಲ್ಲಿ ಮುಂಬಯಿ ಬಂದರಿನಿಂದ ಹೊಕ್ಕು ರೈಲು ದಾರಿ ಹಿಡಿದು ಒಳನಾಡಿಗೆ ಹರಡಿತು. ಮಳೆಗಾಲದ ಕೊನೆಗೆ ಬಂದ ಎರಡನೆಯ ಅಲೆ ಅತಿ ಘೋರವಾಗಿತ್ತು. ದೇಶದಲ್ಲಿ ಸತ್ತವರು 1.2 ಕೋಟಿಯಿಂದ 2 ಕೋಟಿ ಎಂಬ ಅಂದಾಜುಗಳಿವೆ. 1911ರಿಂದ 1921ರ ದಶಕದಲ್ಲಿ ಭಾರತದ ಜನಸಂಖ್ಯೆ ಏರುವ ಬದಲು ಇಳಿಯಿತು. ಜನಗಣತಿಯ ಇತಿಹಾಸದಲ್ಲಿ ಹಾಗೆ ಆದದ್ದು ಅದೊಂದೇ ದಶಕದಲ್ಲಿ.

ಹೆಸರಘಟ್ಟದಲ್ಲಿ ಹಕ್ಕಿಜ್ವರ ಬಂದಿತ್ತಲ್ಲ, ಆಗ ನಮಗೆಲ್ಲ ಏಕೆ ಬರಲಿಲ್ಲ? ಮೊಟ್ಟೆ, ಹಾಲು ಸುರಕ್ಷಿತವೇ?

2012ರ ಅಕ್ಟೋಬರ್‌ನಲ್ಲಿ ಹೆಸರಘಟ್ಟದ ಕೇಂದ್ರ ಕೋಳಿ ಸಾಕಣೆ ಸಂಸ್ಥೆಯ ಟರ್ಕಿ ಕೋಳಿಗಳಲ್ಲಿ ಎಚ್5ಎನ್1 ಕಂಡುಬಂದು ಅಲ್ಲಿನ ಹಕ್ಕಿಗಳನ್ನು ಕೊಲ್ಲಬೇಕಾಯಿತು. ಈ ವೈರಸ್ ಹಿಡಿಯುವ ಬಗೆಯ ಸಯಾಲಿಕ್ ಆಮ್ಲ ನಮ್ಮ ಶ್ವಾಸಕೋಶದ ಆಳದಲ್ಲಿ ಹೆಚ್ಚು, ಮೂಗಿನಲ್ಲಿ ಕಡಿಮೆ. ಆದ್ದರಿಂದ ಅದು ಮನುಷ್ಯರಿಗೆ ಸುಲಭವಾಗಿ ಅಂಟುವುದಿಲ್ಲ, ಅಂಟಿದವರಿಂದ ಇನ್ನೊಬ್ಬರಿಗೆ ಸುಲಭವಾಗಿ ದಾಟುವುದೂ ಇಲ್ಲ. ಅಂಟಿದಾಗ ಮಾತ್ರ ನೇರ ನ್ಯುಮೋನಿಯಾಗೆ ತಿರುಗಬಲ್ಲದು. 1997ರಲ್ಲಿ ಹಾಂಗ್‌ಕಾಂಗ್‌ನಲ್ಲಿ ಮೊದಲ ಸಲ ಮನುಷ್ಯರಲ್ಲಿ ಕಂಡಾಗ 18 ಜನರಲ್ಲಿ 6 ಜನ ಸತ್ತರು. ಅಪಾಯ ಇರುವುದು ಕಾಯಿಲೆ ಬಿದ್ದ, ಸತ್ತ ಹಕ್ಕಿಗಳನ್ನು ಮುಟ್ಟುವವರಿಗೆ, ಕೋಳಿ ಕತ್ತರಿಸುವವರಿಗೆ. ಒಳಗೆಲ್ಲ 70 ಡಿಗ್ರಿ ಸೆಲ್ಸಿಯಸ್ ಮುಟ್ಟುವಂತೆ ಬೇಯಿಸಿದ ಕೋಳಿ, ಹಳದಿ ಗಟ್ಟಿಯಾಗುವಂತೆ ಬೇಯಿಸಿದ ಮೊಟ್ಟೆ ಸುರಕ್ಷಿತ. 2024ರಲ್ಲಿ ಅಮೆರಿಕದ ಹಸುಗಳಲ್ಲಿ ಇದೇ ಎಚ್5ಎನ್1 ಕಂಡು ಹಸಿ ಹಾಲಿನಲ್ಲೂ ಸಿಕ್ಕಿದ್ದರಿಂದ ಹಾಲಿನ ಪ್ರಶ್ನೆ ಈಗ ಹೆಚ್ಚಾಗಿ ಬರುತ್ತದೆ. ಪಾಶ್ಚರೀಕರಣ ಅದನ್ನು ನಾಶಪಡಿಸುತ್ತದೆ, ಪ್ಯಾಕೆಟ್ ಹಾಲನ್ನೂ ಉಕ್ಕಿಸಿ ಕುಡಿಯುವ ನಮ್ಮ ಮನೆಗಳ ರೂಢಿ ಇನ್ನಷ್ಟು ಭದ್ರ.

## ಲಸಿಕೆ ಮತ್ತು ದೇಹದ ನೆನಪು

ಮಗುವಿಗೆ ಹಿಬ್ ಲಸಿಕೆ ಆಗಿದೆ. ಕಾರ್ಡಿನಲ್ಲಿ ಇನ್‌ಫ್ಲುಯೆಂಜೆ ಎಂದೇ ಇದೆ. ಮತ್ತೆ ಫ್ಲೂ ಲಸಿಕೆ ಏಕೆ?

ಹೆಸರಿನ ಗೊಂದಲ ಇದು. 1892ರಲ್ಲಿ ಫ್ಲೂ ರೋಗಿಗಳ ಕಫದಲ್ಲಿ ಸಿಕ್ಕ ಒಂದು ಬ್ಯಾಕ್ಟೀರಿಯಾವನ್ನೇ ರೋಗದ ಕಾರಣವೆಂದು ಜರ್ಮನಿಯ ರಿಚರ್ಡ್ ಫೈಫರ್ ತಿಳಿದಿದ್ದರು, ಆ ಹೆಸರೇ ಅದಕ್ಕೆ ಉಳಿಯಿತು. ನಿಜವಾದ ಕಾರಣವಾದ ವೈರಸ್ಸನ್ನು ಮನುಷ್ಯರಿಂದ ಬೇರ್ಪಡಿಸಿದ್ದು 1933ರಲ್ಲಿ, ಲಂಡನ್‌ನಲ್ಲಿ. ಹಿಬ್ ಲಸಿಕೆ ಆ ಬ್ಯಾಕ್ಟೀರಿಯಾ ತರುವ ಮಿದುಳುಪೊರೆಯ ಉರಿಯೂತ ಮತ್ತು ನ್ಯುಮೋನಿಯಾವನ್ನು ತಡೆಯುತ್ತದೆ, ಫ್ಲೂವನ್ನಲ್ಲ.

ಲಸಿಕೆ ಹಾಕಿಸಿಕೊಂಡ ವರ್ಷವೇ ಫ್ಲೂ ಬಂತು. ಪ್ರತಿ ವರ್ಷ ಹಾಕಿಸುವುದು ವ್ಯರ್ಥವಲ್ಲವೇ?

ಲಸಿಕೆಯ ಮಿತಿಯನ್ನು ಮುಚ್ಚಿಡುವುದರಿಂದ ನಂಬಿಕೆ ಬೆಳೆಯುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ವರ್ಷಕ್ಕೆ ಎರಡು ಸಲ, ಉತ್ತರ ಗೋಳಾರ್ಧಕ್ಕೆ ಫೆಬ್ರವರಿಯಲ್ಲಿ, ದಕ್ಷಿಣಕ್ಕೆ ಸೆಪ್ಟೆಂಬರ್‌ನಲ್ಲಿ, ಮುಂದಿನ ಋತುವಿನಲ್ಲಿ ಯಾವ ರೂಪಗಳು ಬರಬಹುದೆಂದು ಅಂದಾಜಿಸಿ ಲಸಿಕೆಯ ಮಿಶ್ರಣ ಸೂಚಿಸುತ್ತದೆ. ತಯಾರಿಕೆಗೆ ಹಿಡಿಯುವ ತಿಂಗಳುಗಳಲ್ಲಿ ವೈರಸ್ ಮತ್ತೆ ಬದಲಾಗಬಹುದು. ಅಂದಾಜು ಚೆನ್ನಾಗಿ ಹೊಂದಿದ ವರ್ಷಗಳಲ್ಲಿ ವೈದ್ಯರ ಬಳಿ ಹೋಗಬೇಕಾದಷ್ಟು ಫ್ಲೂ ಬರುವ ಅಪಾಯ ನೂರಕ್ಕೆ 40ರಿಂದ 60ರಷ್ಟು ತಗ್ಗುತ್ತದೆ. ಬಂದರೂ ಆಸ್ಪತ್ರೆ ಸೇರುವ, ಸಾಯುವ ಸಂಭವ ಕಡಿಮೆಯಾಗುತ್ತದೆ; ನನ್ನ ಮಟ್ಟಿಗೆ ಲಸಿಕೆಯ ಬೆಲೆ ಇರುವುದು ಅಲ್ಲೇ. ರಕ್ಷಣೆ ಕೂಡಿಬರಲು ಎರಡು ವಾರ ಬೇಕು, ಆಮೇಲೆ ಅದು ತಿಂಗಳುಗಳಲ್ಲಿ ಕುಂದುತ್ತ ಹೋಗುತ್ತದೆ. ಆದ್ದರಿಂದ ಬೆಂಗಳೂರಿನವರಿಗೆ ಮುಂಗಾರಿಗೆ ಮೊದಲು, ಏಪ್ರಿಲ್ ಅಥವಾ ಮೇ ತಿಂಗಳು ಸೂಕ್ತ.

ಆರು ತಿಂಗಳು ತುಂಬಿದ ಮಕ್ಕಳಿಂದ ಹಿಡಿದು ಎಲ್ಲರೂ ಹಾಕಿಸಿಕೊಳ್ಳಬಹುದು. ಒಂಬತ್ತು ವರ್ಷದೊಳಗಿನವರಿಗೆ ಮೊದಲ ಸಲ ನಾಲ್ಕು ವಾರದ ಅಂತರದಲ್ಲಿ ಎರಡು ಡೋಸ್ ಬೇಕು. ಗರ್ಭಿಣಿಗೆ ಹಾಕಿಸಿದರೆ ತಾಯಿಯ ಪ್ರತಿಕಾಯಗಳು ಲಸಿಕೆಯ ವಯಸ್ಸು ಬರುವವರೆಗೆ ಕೂಸನ್ನೂ ಕಾಯುತ್ತವೆ. ಬಿ ಬಗೆಯ ಯಮಗಾಟ ಎಂಬ ವಂಶ 2020ರ ಮಾರ್ಚ್‌ನಿಂದೀಚೆಗೆ ಜಗತ್ತಿನಲ್ಲಿ ಎಲ್ಲಿಯೂ ಖಚಿತವಾಗಿ ಸಿಕ್ಕಿಲ್ಲ. ಕೋವಿಡ್ ಕಾಲದಲ್ಲಿ ಜನ ದೂರ ನಿಂತು, ಮಾಸ್ಕ್ ಧರಿಸಿ ಬದುಕಿದ ದಿನಗಳಲ್ಲಿ ಅದು ಕಣ್ಮರೆಯಾಯಿತು. ಹಾಗಾಗಿ ನಾಲ್ಕು ರೂಪಗಳ ಲಸಿಕೆಯಿಂದ ಮತ್ತೆ ಮೂರು ರೂಪಗಳದ್ದಕ್ಕೆ ಮರಳಲು ಸಲಹೆ ಬಂದಿದೆ.

2009ರಲ್ಲಿ ನಮ್ಮ ಅಜ್ಜಿಗೆ ಏನೂ ಆಗಲಿಲ್ಲ, ಗಟ್ಟಿಮುಟ್ಟಾದ ಅಣ್ಣ ಆಸ್ಪತ್ರೆ ಸೇರಿದ. ಹೀಗೂ ಆಗುತ್ತದೆಯೇ?

ಆಗುತ್ತದೆ, ಅದಕ್ಕೆ ಕಾರಣ ಅಜ್ಜಿಯ ಬಾಲ್ಯದಲ್ಲಿದೆ. 1918ರ ವೈರಸ್‌ನ ಸಂತತಿ 1957ರವರೆಗೆ ಜನರ ನಡುವೆ ಓಡಾಡಿಕೊಂಡಿತ್ತು. ಆ ಕಾಲದಲ್ಲಿ ಮಕ್ಕಳಾಗಿದ್ದವರು ಎಚ್1ನ ಹಳೆಯ ರೂಪಗಳನ್ನು ಎದುರಿಸಿದ್ದರು. 2009ರಲ್ಲಿ ಹಂದಿಗಳಿಂದ ಬಂದ ಎಚ್1 ತೊಂಬತ್ತು ವರ್ಷ ಹಿಂದಿನ ಆ ಪೂರ್ವಜನನ್ನು ಹೋಲುತ್ತಿದ್ದರಿಂದ ಹಿರಿಯರ ಮೈ ಅದನ್ನು ಗುರುತಿಸಿತು, ಕಿರಿಯರಿಗೆ ಅದು ಹೊಸದಾಗಿತ್ತು. ಬಾಲ್ಯದಲ್ಲಿ ಎದುರಾದ ಮೊದಲ ಫ್ಲೂ ನಮ್ಮ ರೋಗನಿರೋಧಕ ವ್ಯವಸ್ಥೆಯಲ್ಲಿ ಒತ್ತುವ ಅಚ್ಚು ಜೀವನಪೂರ್ತಿ ಉಳಿಯುತ್ತದೆ. ಹಕ್ಕಿಜ್ವರದ ರೋಗಿಗಳ ಲೆಕ್ಕವನ್ನು ಹುಟ್ಟಿದ ವರ್ಷದ ಮೇರೆಗೆ ವಿಂಗಡಿಸಿ 2016ರಲ್ಲಿ ಪ್ರಕಟಿಸಿದ ಅಧ್ಯಯನವೊಂದು, 1968ಕ್ಕಿಂತ ಮೊದಲು ಹುಟ್ಟಿ ಎಚ್1 ಅಥವಾ ಎಚ್2 ಅನ್ನು ಮೊದಲು ಎದುರಿಸಿದವರಿಗೆ ಅವುಗಳ ದಾಯಾದಿಯಾದ ಎಚ್5ಎನ್1ನಿಂದ ಬಹುಮಟ್ಟಿನ ರಕ್ಷಣೆಯಿದೆ ಎಂದು ತೋರಿಸಿತು. ಆ ನಂತರ ಹುಟ್ಟಿ ಎಚ್3 ಅನ್ನು ಮೊದಲು ಕಂಡವರಿಗೆ ಅಂಥ ರಕ್ಷಣೆ ಇರುವುದು ಎಚ್3ರ ಹತ್ತಿರದ ಬಂಧುವಾದ ಎಚ್7ಎನ್9 ಎಂಬ ಇನ್ನೊಂದು ಹಕ್ಕಿಜ್ವರದಿಂದ. ಒಂದೇ ಮನೆಯ ಅಜ್ಜಿ ಮತ್ತು ಮೊಮ್ಮಗ ಒಂದೇ ವೈರಸ್‌ಗೆ ಬೇರೆ ಬೇರೆ ರೀತಿಯಲ್ಲಿ ಪ್ರತಿಕ್ರಿಯಿಸುವುದಕ್ಕೆ ಅವರು ಹುಟ್ಟಿದ ವರ್ಷವೂ ಒಂದು ಕಾರಣ.